ಪತ್ರಿಕಿ ಯಾರ ಮನಿ ಮುಟ್ಟತೈತಿ?

ಕನ್ನಡದ ವಿಮರ್ಶಕರು ಪುಸ್ತಕದ ವಸ್ತು, ತಂತ್ರ, ಸಂವೇದನೆಗಳ ಬಗ್ಗೆ ಸಾವಿರಾರು ಪುಟ ಬರೆದಿದ್ದಾರೆ. ಆ ಪುಸ್ತಕ ಯಾರ ಕೈಗೆ ಹೋಯಿತು, ಯಾರ ಕೈಗೆ ಹೋಗಲಿಲ್ಲ, ಹೋದಲ್ಲಿ ಏನು ಮಾಡಿತು ಎಂದು ಕೇಳಿದವರು ಕಡಿಮೆ. ಅದು ಅಂಗಡಿಕಾರರ ಚಿಂತೆ, ವಿಮರ್ಶೆಯ ಕೆಲಸವಲ್ಲ ಎಂದು ಅವರು ತಿಳಿದಂತಿದೆ. ನಾವು ಹಾಗೆ ತಿಳಿದಿಲ್ಲ. ಅಕ್ಷರವನ್ನು ಯಾರಿಂದ ತಲೆತಲಾಂತರ ಬಚ್ಚಿಟ್ಟರೋ ಆ ಜನಕ್ಕೆ ಅಕ್ಷರ ಮುಟ್ಟುವ ದಾರಿಯೇ ಸಾಹಿತ್ಯದ ಮೊದಲ ಪ್ರಶ್ನೆ. ಉಳಿದದ್ದೆಲ್ಲ ಆಮೇಲೆ.

ಸವದತ್ತಿ ಸೀಮೆಯ ಸಿರಸಂಗಿಯನ್ನೇ ತಗೊಳ್ಳೋಣ. ಈ ಊರು ನಾಡಿಗೆ ಗೊತ್ತಿರುವುದು ಎರಡು ಕಾರಣಕ್ಕೆ. ಒಂದು, ಕಾಳಮ್ಮನ ಗುಡಿ. ಕಬ್ಬಿಣ, ಕಟ್ಟಿಗೆ, ಬಂಗಾರದ ಕಸುಬಿನ ವಿಶ್ವಕರ್ಮರು ದೂರದೂರದಿಂದ ಬಂದು ನಡೆದುಕೊಳ್ಳುವ ತಾಣ. ಇನ್ನೊಂದು, ಸಿರಸಂಗಿ ಲಿಂಗರಾಜ ದೇಸಾಯಿ. 1906ರಲ್ಲಿ ತೀರಿಹೋದ ಈ ದೇಸಾಯಿ ತನ್ನ ಆಸ್ತಿಯನ್ನು ವೀರಶೈವ ವಿದ್ಯಾರ್ಥಿಗಳ ಓದಿಗೆ ಬಿಟ್ಟುಹೋದ. ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವನ ಹೆಸರನ್ನೇ ಹೊತ್ತಿದೆ. ಈ ದಾನದ ಬಗ್ಗೆ ನಮಗೆ ಕೊಂಕಿಲ್ಲ. ಮಣ್ಣಿನ ಮೇಲೆ ಹಕ್ಕಿದ್ದವನೊಬ್ಬ ಅದನ್ನು ಪಾಟಿ ಪುಸ್ತಕಕ್ಕೆ ಕೊಟ್ಟದ್ದು ದೊಡ್ಡ ಮಾತೇ. ಆದರೆ ಅದರಿಂದ ಕಲಿಯಬೇಕಾದ ಪಾಠ ಒಂದಿದೆ. ಓದುಗ ಆಕಾಶದಿಂದ ಉದುರುವುದಿಲ್ಲ. ಹಾಸ್ಟೆಲ್ಲಿನ ಊಟ, ಕಾಲೇಜಿನ ಫೀಜು, ಸ್ಕಾಲರ್‌ಶಿಪ್ಪು ಸೇರಿ ಅವನನ್ನು ತಯಾರು ಮಾಡುತ್ತವೆ. ಒಂದು ಸಮಾಜಕ್ಕೆ ಓದುಗರನ್ನು ತಯಾರು ಮಾಡಿಕೊಳ್ಳುವ ಆಸ್ತಿ ಇತ್ತು. ಈ ಸೀಮೆಯ ಹೊಲಗೇರಿಯ, ಮಾದರ ಓಣಿಯ ಕೂಸಿಗೆ ಸರ್ಕಾರಿ ಹಾಸ್ಟೆಲ್ಲಿನ ಬಾಗಿಲು ತೆರೆಯುವವರೆಗೆ ಕಾಯಬೇಕಾಯಿತು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಏಳು ವರ್ಷ ದಾಟಿದವರ ಪೈಕಿ ಅಕ್ಷರಸ್ಥರು ಶೇ. 75, ಪರಿಶಿಷ್ಟ ಜಾತಿಯಲ್ಲಿ ಶೇ. 65. ಹತ್ತರ ಈ ಅಂತರ ಬರೀ ಲೆಕ್ಕವಲ್ಲ. ಅದು ಯಾವ ಪತ್ರಿಕೆ ಯಾವ ಓಣಿಯ ಬಾಯಿಗೆ ಬಂದು ನಿಂತುಬಿಡುತ್ತದೆ ಎಂಬುದರ ಗುರುತು.

ಹಾಗಾದರೆ ಓಣಿಯೊಳಗೆ ಹೋದ ಅಚ್ಚಿನ ಕಾಗದ ಯಾವುದು? ನಮ್ಮ ಭಾಗದ ಯಾವ ಜಾತ್ರೆಗೆ ಬೇಕಾದರೂ ಹೋಗಿ ನೋಡಿರಿ. ಬಳೆಗಾರರ ಸಾಲು, ಬೆಂಡು ಬತ್ತಾಸಿನ ಸಾಲು ದಾಟಿದರೆ ಒಂದು ಪುಸ್ತಕದ ಅಂಗಡಿ. ಪಂಚಾಂಗ, ದೇವಿ ಪುರಾಣ, ಭಜನಿ ಪದ, ಲಾವಣಿ, ಸಣ್ಣಾಟದ ಪುಸ್ತಕ. ಬೈಲಹೊಂಗಲ ಸೀಮೆಯ ಕೊಲೆಯ ಕತೆ 'ಸಂಗ್ಯಾ ಬಾಳ್ಯಾ' ಊರೂರು ತಿರುಗಿದ್ದು ಹೀಗೆ, ಆಟವಾಗಿ ಮತ್ತು ಪುಸ್ತಕವಾಗಿ. ಗದಗಿನ ಶಾಬಾದಿಮಠದಂಥ ಪ್ರಕಾಶಕರು ಈ ಓದುಗನನ್ನು ಚೆನ್ನಾಗಿ ಬಲ್ಲವರು. ಅಕ್ಷರ ದಪ್ಪ, ಬೆಲೆ ಸಣ್ಣದು, ಮಾತು ಹಾಡಿಕೊಳ್ಳಲು ಬರುವಂಥದು. ಪಂಡಿತರು ಇದಕ್ಕೆ ಸಾಹಿತ್ಯದ ಪಟ್ಟ ಕೊಡಲಿಲ್ಲ. ಕೊಡದಿದ್ದರೂ ಅದು ಬದುಕಿತು.

ಶ್ರಾವಣದಾಗ ಪುರಾಣ ಹಚ್ಚಿದಾಗ ಏನಾಗುತ್ತದೆ ಗಮನಿಸಿರಿ. ಒಬ್ಬ ಪದ್ಯ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ, ಇಡೀ ಊರು ಕೇಳುತ್ತದೆ. ಪುಸ್ತಕ ಒಂದೇ ಪ್ರತಿ. ನಮ್ಮ ಪತ್ರಿಕೆಗಳ ಪ್ರಸಾರ ಸಂಖ್ಯೆ ಎಣಿಸುವವರು ಈ ಲೆಕ್ಕವನ್ನು ಹೇಗೆ ಬರೆಯುತ್ತಾರೆ? ಇಲ್ಲಿ ಓದುಗ ಒಬ್ಬನಲ್ಲ. ಓದುವವ, ಓದಿ ಹೇಳುವವ, ಕೇಳುವವ ಎಂದು ಮೂವರಾಗಿದ್ದಾನೆ. ಈ ಮೂವರಲ್ಲಿ ನಡುವಿನವನೇ ಮುಖ್ಯ ಎಂಬುದು ನಮ್ಮ ವಾದ.

ಆದರೆ ಮುಟ್ಟಿತು ಎಂದ ಮಾತ್ರಕ್ಕೆ ಒಳ್ಳೆಯದನ್ನೇ ಮಾಡಿತು ಎನ್ನಬಾರದು. ಸವದತ್ತಿಯ ಎಲ್ಲಮ್ಮನ ಗುಡ್ಡ ನಮಗೆ ದೂರವಿಲ್ಲ. ದೇವಿಯ ಮಹಿಮೆ ಹೇಳುವ ಪುಸ್ತಕಗಳು, ಪದಗಳು ಗುಡ್ಡ ಹತ್ತಿದ ಬಡ ಹೆಂಗಸಿಗೆ ಸಲೀಸಾಗಿ ಮುಟ್ಟಿದವು. ಮಗಳ ಕೊರಳಿಗೆ ಮುತ್ತು ಕಟ್ಟಿಸುವುದು ದೇವಿಯ ಆಜ್ಞೆ ಎಂಬ ನಂಬಿಕೆಗೆ ಅವು ಎಣ್ಣೆ ಎರೆದವು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕಾಯ್ದೆ ಎಲ್ಲಿ ಅಚ್ಚಾಯಿತು? ರಾಜ್ಯಪತ್ರದಲ್ಲಿ. ರಾಜ್ಯಪತ್ರವೂ ಒಂದು ಪ್ರಕಟಣೆಯೇ. ಅದರ ಓದುಗ ವಕೀಲ, ಅಧಿಕಾರಿ. ಯಾವ ತಾಯಿಯ ಮಗಳಿಗಾಗಿ ಆ ಕಾನೂನು ಬರೆದರೋ ಆ ತಾಯಿ ಅದರ ಓದುಗಳಲ್ಲ. ಒಂದು ಕಡೆ ಸುಳ್ಳು ಹಾಡಾಗಿ ಬಂತು. ಇನ್ನೊಂದು ಕಡೆ ಸತ್ಯ ಕಲಮು, ಉಪಕಲಮು ಆಗಿ ಬೆಂಗಳೂರಿನಲ್ಲೇ ಕೂತಿತು. ಯಾವುದು ಗೆಲ್ಲುತ್ತದೆ? ಕಾರ್ಯಕರ್ತರು ಬೀದಿನಾಟಕ ಕಟ್ಟಿಕೊಂಡು, ಹಾಡು ಹಾಡಿಕೊಂಡು ಓಣಿಗೆ ಬಂದಾಗಲೇ ಆ ಕಾನೂನಿಗೆ ನಾಲಿಗೆ ಬಂದದ್ದು.

ಕನ್ನಡದಲ್ಲಿ ಓದುಗನನ್ನು ಹುಡುಕಿಕೊಂಡು ಹೋದವರು ಇರಲಿಲ್ಲವೆಂದಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದ ಮೇಲೆ ನಿಂತಿತು. ಈ ದುಡಿಮೆಗೆ ಶರಣು. ಆದರೆ ಆ ಗಂಟು ಯಾವ ಮನೆಯ ಕಟ್ಟೆಯ ಮೇಲೆ ಬಿಚ್ಚಿತು, ಚಂದಾ ಕಟ್ಟುವ ಕಾಸು ಯಾರ ಕಿಸೆಯಲ್ಲಿತ್ತು ಎಂದು ಕೇಳದೆ ಬಿಡಲಾಗದು. ಪುಸ್ತಕ ಊರಿಗೆ ಬಂತು, ಕೇರಿಗೆ ಬರಲಿಲ್ಲ.

ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1920ರ ಜನವರಿ 31ರಂದು, ಬಾಬಾಸಾಹೇಬ ಅಂಬೇಡ್ಕರರು 'ಮೂಕನಾಯಕ' ಎಂಬ ಮರಾಠಿ ಪಾಕ್ಷಿಕ ಹೊರಡಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು 2500 ರೂಪಾಯಿ ಕೊಟ್ಟರು. ಆ ಪತ್ರಿಕೆಯ ಜಾಹೀರಾತನ್ನು, ದುಡ್ಡು ಕೊಡುತ್ತೇವೆಂದರೂ, 'ಕೇಸರಿ' ಹಾಕಲಿಲ್ಲ. ಇದನ್ನು ನಾವು ಮರೆಯಬಾರದು. ಒಂದು ಪತ್ರಿಕೆ ಇನ್ನೊಂದು ಪತ್ರಿಕೆಯ ಬಾಗಿಲಲ್ಲಿ ಅಸ್ಪೃಶ್ಯವಾಗಿ ನಿಂತ ಕತೆ ಅದು. ಓದಲು ಬರದ ಜನಕ್ಕೆ ಪತ್ರಿಕೆ ಯಾಕೆ ಎಂದು ನಕ್ಕವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ಅವರ ಪಾಲಿಗೆ ಪತ್ರಿಕೆ ಎಂದರೆ ಬೆಳಗಿನ ಚಹಾದ ಜೋಡಿ ಒಬ್ಬನೇ ಕುರ್ಚಿಯಲ್ಲಿ ಕೂತು ಓದುವ ವಸ್ತು. ಬಾಬಾಸಾಹೇಬರಿಗೆ ಅದು ಮೂಕರ ಬಾಯಿ. ಆ ಪತ್ರಿಕೆ ಬಹಳ ಕಾಲ ಬಾಳಲಿಲ್ಲ; ಆದರೂ 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ' ಎಂದು ಹೋರಾಟದ ಜೋಡಿಯೇ ಪತ್ರಿಕೆ ಮತ್ತೆ ಮತ್ತೆ ಹುಟ್ಟಿತು. ಪತ್ರಿಕೆ ಸತ್ತರೆ ಚಳುವಳಿ ಇನ್ನೊಂದನ್ನು ಹೆರುತ್ತದೆ. ಚಳುವಳಿ ಸತ್ತರೆ ಎಂಥ ಒಳ್ಳೆಯ ಕಾಗದವೂ ರದ್ದಿ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಅದಕ್ಕೆ ಅವರು ಮಂತ್ರಿಗಿರಿ ಕಳೆದುಕೊಂಡರು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು. ಆ ಪೆಟ್ಟಿನಿಂದ ದಲಿತ ಸಂಘರ್ಷ ಸಮಿತಿ ಗಟ್ಟಿಯಾಯಿತು, 'ಪಂಚಮ' ಬಂತು. 1964ರಲ್ಲಿ ಧಾರವಾಡದಲ್ಲಿ ಹುಟ್ಟಿದ್ದ 'ಸಂಕ್ರಮಣ' ಬಂಡಾಯದ ಕಡೆ ಹೊರಳಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಲಾಯಿತು. ಇದೆಲ್ಲ ನಮ್ಮ ಹೆಮ್ಮೆ. ಆದರೂ ಒಂದು ಕಟು ಮಾತು ಹೇಳಲೇಬೇಕು. ಬೂಸಾ ಕೂಡ ದನದ ಗ್ವಾದಲಿಗೆ ಮುಟ್ಟುತ್ತದೆ. ನಾವು ಕಾಳು ಎಂದು ಅಚ್ಚು ಹಾಕಿದ್ದು ಎಷ್ಟು ಹಸಿದ ಬಾಯಿಗೆ ಮುಟ್ಟಿತು? ಆ ಕಾಲದಲ್ಲಿ ಎಲ್ಲಕ್ಕಿಂತ ದೂರ ಹೋದದ್ದು ಸಿದ್ಧಲಿಂಗಯ್ಯನವರ ಹಾಡುಗಳು. 'ಹೊಲೆಮಾದಿಗರ ಹಾಡು' 1975ರಲ್ಲಿ ಪುಸ್ತಕವಾಯಿತು. ಆದರೆ ಆ ಹಾಡು ಕಲಿತ ಬಹಳ ಮಂದಿ ಆ ಪುಸ್ತಕ ನೋಡಿಲ್ಲ. ಮೆರವಣಿಗೆಯಲ್ಲಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬಂತು. ಅಂಚೆ ಬೇಕಾಗಲಿಲ್ಲ, ಏಜೆಂಟ ಬೇಕಾಗಲಿಲ್ಲ.

ಗದ್ಯದಲ್ಲಿ ಇಂಥ ಕೆಲಸ ಮಾಡಿದ್ದು 1980ರಲ್ಲಿ ಶುರುವಾದ 'ಲಂಕೇಶ್ ಪತ್ರಿಕೆ'. ಜಾಹೀರಾತು ಬೇಡ, ಓದುಗನ ಕಾಸೇ ಸಾಕು ಎಂದು ಅದು ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿತ್ತು, ಬಸ್ಸಿನಲ್ಲಿ ಮೂರು ಮಂದಿ ಹಣಿಕಿ ಹಾಕಿ ಓದುವಂಥ ಕನ್ನಡ ಅದರದು. ಅದರ ದೊಡ್ಡ ಗುಣ ಓದುಗರನ್ನು ಬರಹಗಾರರನ್ನಾಗಿ ಮಾಡಿದ್ದು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಅಲ್ಲಿ ಧಾರಾವಾಹಿಯಾಗಿ ಬಂತು. ಅದೇ ಪತ್ರಿಕೆಗೆ ವರದಿ ಬರೆಯುತ್ತಿದ್ದ ಹಾಸನದ ಬಾನು ಮುಷ್ತಾಕ್ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದರು. ಓದುಗನನ್ನು ಬರೀ ಗಿರಾಕಿ ಎಂದು ಕಂಡಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ಒಬ್ಬ ಸಂಪಾದಕನ ಹೆಗಲ ಮೇಲೆ ಇಡೀ ಪತ್ರಿಕೆ ನಿಂತರೆ ಏನಾಗುತ್ತದೆ ಎಂಬುದನ್ನೂ 2000ದಲ್ಲಿ ಲಂಕೇಶರು ತೀರಿಕೊಂಡ ಮೇಲೆ ಕಂಡೆವು. ಓದುಗರ ಮನೆ ಮುಟ್ಟುವ ಪತ್ರಿಕೆಗೆ ವ್ಯವಸ್ಥೆ ಎಷ್ಟು ಅಂಜುತ್ತದೆ ಎಂಬುದನ್ನು 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರ ಮನೆಯ ಬಾಗಿಲಲ್ಲಿ ಕಂಡೆವು.

ಈಗ ಕಿರುಪತ್ರಿಕೆಗಳ ವಿಷಯ. ಹಲವನ್ನು ಮುಂದಿಟ್ಟುಕೊಂಡು ಓದಿದರೆ ಒಂದು ಮಾತು ಎದ್ದು ಕಾಣುತ್ತದೆ. ಒಬ್ಬ ಲೇಖಕ ಇನ್ನೊಬ್ಬ ಲೇಖಕನಿಗೆ ಬರೆಯುತ್ತಾನೆ, ಅವನು ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುತ್ತಾನೆ. 'ದಮನಿತ ಅಸ್ಮಿತೆಯ ಪರಿಕಲ್ಪನಾತ್ಮಕ ನೆಲೆಗಳು' ಎಂಬಂಥ ತಲೆಬರಹದ ಲೇಖನವನ್ನು ಸಿರಸಂಗಿಯ ಕಟ್ಟೆಯ ಮೇಲೆ ಓದಿದರೆ, "ಯಪ್ಪಾ, ಇದು ನಮ್ಮ ಸುದ್ದಿನಽ ಏನು?" ಎಂದು ಮುದುಕಿ ಕೇಳುತ್ತಾಳೆ. ಅವಳದೇ ಸುದ್ದಿ! ಅವಳಿಗೇ ಗುರುತು ಸಿಗದಂತೆ ಬರೆದಿದ್ದಾರೆ.

ಸರಳವಾಗಿ ಬರೆದರೆ ಸಾಹಿತ್ಯ ಕೆಳಗಿಳಿಯುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಈ ವಾದ ಪೊಳ್ಳು. ಶಿಶುನಾಳ ಶರೀಫರ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಸರಳವೇನು? ಒಗಟಿನಂಥ ಪದಗಳವು. ಆದರೂ ಏಕತಾರಿಯ ಮೇಲೆ ಊರೂರು ಮುಟ್ಟಿದವು. ಯಾಕೆಂದರೆ ಪದದ ಜೋಡಿ ಅದನ್ನು ಬಿಡಿಸಿ ಹೇಳುವ ಭಜನಿ ಮೇಳ ಇತ್ತು. ಕಠಿಣವಾದದ್ದನ್ನು ಜನ ಒಪ್ಪುತ್ತಾರೆ. ಒಬ್ಬಂಟಿಯಾಗಿ ಬಂದದ್ದನ್ನು ಒಪ್ಪುವುದಿಲ್ಲ. ನಮ್ಮ ಪತ್ರಿಕೆಗಳು ಒಬ್ಬಂಟಿಯಾಗಿ ಬರುತ್ತಿವೆ.

ಬರುವ ದಾರಿಯೂ ಮುಚ್ಚುತ್ತಿದೆ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಪುಸ್ತಕಗಳಿಗಿದ್ದ ರಿಯಾಯಿತಿ ದರದ ಬುಕ್‌ಪೋಸ್ಟ್ ನಿಲ್ಲಿಸಿತು. ದೊಡ್ಡ ಪ್ರಕಾಶಕ ಲಾರಿಗೆ ಹಾಕುತ್ತಾನೆ. ಕಿರುಪತ್ರಿಕೆಯವನು ಏನು ಮಾಡಬೇಕು? ಪಿಡಿಎಫ್ ಮಾಡಿ ಫೋನಿಗೆ ಕಳಿಸಿದರಾಯಿತು ಎನ್ನುತ್ತಾರೆ. ಕಳಿಸಲಿ, ಬೇಡವೆನ್ನುವುದಿಲ್ಲ. ಆದರೆ ಫೋನಿನಲ್ಲಿ ಬಂದ ನಲವತ್ತು ಪುಟ ಮದುವೆ ಕರೆಯೋಲೆಗಳ ನಡುವೆ ಹೂತುಹೋಗುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಜನ ಗ್ರಂಥಾಲಯ ಕರ ಕಟ್ಟುತ್ತಾರೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. ಐದು ಸಾವಿರ ದಾಟಿದ ಈ ಕೇಂದ್ರಗಳ ಮೇಜಿನ ಮೇಲೆ ನಮ್ಮ ಪತ್ರಿಕೆಗಳಿಗೆ ಜಾಗ ಬೇಕೆಂದು ಕೇಳುವುದು ಭಿಕ್ಷೆಯಲ್ಲ. ಅದು ನಮ್ಮ ಮಂದಿಯ ಕರದ ಪಾಲು.

ಕೊನೆಗೆ ನಮ್ಮ ಸೂಚನೆ ಇಷ್ಟು. ಸಂಪಾದಕರು ಇನ್ನು ಮುಂದೆ ಓದಿ ಹೇಳುವವನನ್ನು ಕಣ್ಣ ಮುಂದೆ ಇಟ್ಟುಕೊಂಡು ಸಂಚಿಕೆ ಕಟ್ಟಲಿ. ಅವನು ಹಳ್ಳಿಯ ಮಾಸ್ತರ, ಹಾಸ್ಟೆಲ್ಲಿನಿಂದ ಸೂಟಿಗೆ ಊರಿಗೆ ಬಂದ ಹುಡುಗಿ, ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವ ಅಕ್ಕ. ಪ್ರತಿ ಸಂಚಿಕೆಯಲ್ಲಿ ಹತ್ತು ನಿಮಿಷದಲ್ಲಿ ಗಟ್ಟಿಯಾಗಿ ಓದಿ ಮುಗಿಯುವ ಒಂದು ಬರಹ ಇರಲಿ, ದಪ್ಪ ಅಕ್ಷರದಲ್ಲಿ. ಒಂದು ಪುಟ ಹರಿದು ಗೋಡೆಗೆ ಹಚ್ಚುವಂತಿರಲಿ. ಕವಿತೆಯ ಎದುರು ಪುಟದಲ್ಲಿ ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುವ ಕ್ರಮ, ಉತಾರ ತೆಗೆಸುವ ಕ್ರಮ ಇದ್ದರೆ ಕವಿಗೆ ಅವಮಾನವಿಲ್ಲ. ಬೆಳಗಾವಿ, ಕಲಬುರಗಿ, ಚಾಮರಾಜನಗರದ ಮಾತು ಅಚ್ಚಿನಲ್ಲಿ ತಿದ್ದುಪಡಿಯಾಗದೆ ಹಾಗೇ ಬರಲಿ. ಕೇಳಿದವರು ಹೇಳಿದ ಮಾತನ್ನು ಓದಿ ಹೇಳಿದವರು ಬರೆದು ಕಳಿಸಲಿ. ಪತ್ರಿಕೆ ಅದನ್ನು ಮೊದಲ ಪುಟದಲ್ಲಿ ಹಾಕಲಿ. ವಿಮರ್ಶಕರು ಒಂದು ಸಂಚಿಕೆಯನ್ನು ತೂಗುವಾಗ ಅದರೊಳಗೆ ಏನಿದೆ ಎಂಬುದರ ಜೋಡಿ ಅದು ಎಲ್ಲಿ ಓದಿಸಿಕೊಂಡಿತು ಎಂಬುದನ್ನೂ ತೂಗಲಿ.

ಮಾಸ್ತರರೆ, ಗೆಳೆಯರೆ, ಈ ಸಂಚಿಕೆ ನಿಮ್ಮ ಕೈಗೆ ಬಂದಿದ್ದರೆ ಓದಿ ಮಡಿಚಿ ಇಡಬೇಡಿರಿ. ಇವತ್ತು ಸಂಜೀಕ ನಾಕು ಮಂದಿ ಕೂತಲ್ಲಿ ಒಂದು ಪುಟ ಓದಿ ಹೇಳ್ರಿ. ತಿಳೀಲಿಲ್ಲ ಅಂದ್ರ ಯಾವ ಸಾಲು ತಿಳೀಲಿಲ್ಲ ಅಂತ ಬರದು ಕಳಸ್ರಿ.