ತನ್ನನ್ನು ತಾನು ಪ್ರೀತಿಸಿಕೊಳ್ಳಲು ಕಾವೇರಿಗೆ ಏನು ಬೇಕಿತ್ತು?

ಕಳೆದ ವರ್ಷ ನನ್ನ ರೂಮ್‌ಮೇಟ್ ಖಿನ್ನತೆಗೆ ಚಿಕಿತ್ಸೆ ಪಡೆದು, ಎರಡು ತಿಂಗಳ ನಂತರ ಹಾಸ್ಟೆಲ್ಲಿಗೆ ಮರಳಿದಳು. ಬಂದವಳೇ ದಿನಚರಿಯನ್ನು ಹೊಸದಾಗಿ ಜೋಡಿಸಿಕೊಂಡಳು. ಬೆಳಿಗ್ಗೆ ವಾಕಿಂಗ್, ಹೊತ್ತಿಗೆ ಸರಿಯಾಗಿ ಊಟ, ರಾತ್ರಿ 10 ಗಂಟೆಗೆ ಫೋನ್ ಬದಿಗಿಟ್ಟು ನಿದ್ದೆ. ನನಗೆ ಸಂತೋಷವೇ ಆಯಿತು. ಆದರೆ ಒಂದು ಭಾನುವಾರ ಅವಳು ತಡವಾಗಿ ಎದ್ದಾಗ ‘ಮಾತ್ರೆ ತಗೊಂಡೆ ತಾನೇ?’ ಎಂದು ಕೇಳಿದೆ. ಇನ್ನೊಂದು ದಿನ ಮೆಸ್ಸಿನ ಸಾರಿನ ಬಗ್ಗೆ ರೇಗಿದಾಗಲೂ ಅದನ್ನೇ ಕೇಳಿದೆ. ‘ಸಾರು ನಿಜವಾಗಲೂ ಹಳಸಿದೆ ಕಣೇ’ ಎಂದಷ್ಟೇ ಹೇಳಿ ತಟ್ಟೆ ಎತ್ತಿಕೊಂಡು ಹೋದಳು.

ಆ ವಾರ ನನ್ನ ಮಹಾಪ್ರಬಂಧದ ಅಧ್ಯಾಯವೊಂದಕ್ಕಾಗಿ ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೆ ಓದುತ್ತಿದ್ದೆ. ನಾನು ಕೇಳಿದ ಪ್ರಶ್ನೆಯ ನಿಜವಾದ ಅರ್ಥ ಹೊಳೆದದ್ದು ಅಲ್ಲಿ.

‘ನಿನ್ನನ್ನು ನೀನು ಪ್ರೀತಿಸು’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಮಾತೇನೂ ಕೆಟ್ಟದ್ದಲ್ಲ. ಹೊತ್ತಿಗೆ ಉಣ್ಣು, ನಿದ್ದೆ ಮಾಡು, ಬೇಡದ್ದಕ್ಕೆ ಬೇಡ ಎನ್ನು ಎಂದು ಯಾರಾದರೂ ಹೇಳಬೇಕಾದ ಹೆಣ್ಣುಮಕ್ಕಳು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಆದರೆ ಈ ಉಪದೇಶದೊಳಗೆ ಇರುವುದು ಒಬ್ಬಳೇ ವ್ಯಕ್ತಿ. ಅವಳ ಸುತ್ತಲಿನವರು ಅದರಲ್ಲಿ ಕಾಣಿಸುವುದೇ ಇಲ್ಲ. ತ್ರಿವೇಣಿಯವರ (1928–1963) ಕಾದಂಬರಿ ನೋಡುವುದು ಈ ಕಾಣದ ಜನರನ್ನು.

‘ಶರಪಂಜರ’ದ ಕಾವೇರಿ ಎರಡನೆಯ ಹೆರಿಗೆಯ ನಂತರ ಮಾನಸಿಕ ಸ್ಥಿಮಿತ ಕಳೆದುಕೊಳ್ಳುತ್ತಾಳೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ. ಕತೆಯ ನಿಜವಾದ ಸಂಕಟ ಶುರುವಾಗುವುದು ಕಾಯಿಲೆಯಿಂದಲ್ಲ, ಗುಣವಾದಲ್ಲಿಂದ. ಬದುಕುವ ಆಸೆಗೆ ಅವಳಲ್ಲಿ ಕೊರತೆಯಿಲ್ಲ. ಆದರೆ ಅವಳ ಮಾತು, ಮೌನ, ಸಿಟ್ಟು ಎಲ್ಲವೂ ಸುತ್ತಲಿನವರಿಗೆ ಹಳೆಯ ರೋಗದ ನೆರಳಾಗಿಯೇ ಕಾಣುತ್ತವೆ. ಗಂಡ ಸತೀಶ ಬೇರೊಬ್ಬಳತ್ತ ಸರಿದಿದ್ದಾನೆ. ಅದನ್ನು ತಿಳಿದು ಅವಳು ಒಡೆದುಹೋದಾಗ, ಲೋಕಕ್ಕೆ ತಾನು ಮೊದಲೇ ಅಂದುಕೊಂಡಿದ್ದಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ.

ಇದರ ಪಕ್ಕದಲ್ಲಿ ‘ಬೆಳ್ಳಿಮೋಡ’ದ ಇಂದಿರಾಳನ್ನು ಇಟ್ಟು ನೋಡಿ. ಆಸ್ತಿಗೆ ತಮ್ಮನೊಬ್ಬ ಹುಟ್ಟಿದ್ದೇ ತಡ, ಮೋಹನ ಮದುವೆಯಿಂದ ಹಿಂದೆ ಸರಿಯುತ್ತಾನೆ. ಮುಂದೆ ಅವನು ಪೆಟ್ಟಾಗಿ ಮಲಗಿದಾಗ ಇಂದಿರಾ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಬದಲಾಗಿ ಮತ್ತೆ ಕೈಚಾಚಿದಾಗ ಒಲ್ಲೆ ಎನ್ನುತ್ತಾಳೆ. ಸ್ವಪ್ರೇಮಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಇನ್ನೊಬ್ಬರ ಆರೈಕೆ ಮಾಡುವುದು ಬೇರೆ, ಅವರಿಗೆ ತನ್ನನ್ನು ಒಪ್ಪಿಸಿಬಿಡುವುದು ಬೇರೆ ಎಂಬುದು ಅವಳಿಗೆ ಗೊತ್ತು.

ಹಾಗಾದರೆ ಕಾವೇರಿಯಲ್ಲಿ ಇಂದಿರಾಳಷ್ಟು ಗಟ್ಟಿತನ ಇರಲಿಲ್ಲವೇ? ನಾನು ಬಹಳ ದಿನ ಹಾಗೆಯೇ ಓದಿಕೊಂಡಿದ್ದೆ. ಈಗ ಒಪ್ಪಲಾರೆ. ಇಂದಿರಾ ‘ಒಲ್ಲೆ’ ಎಂದರೆ ಕೇಳಿದವರಿಗೆ ಅದು ‘ಒಲ್ಲೆ’ ಎಂದೇ ಕೇಳಿಸುತ್ತದೆ. ಅದೇ ಮಾತನ್ನು ಕಾವೇರಿ ಆಡಿದ್ದರೆ ‘ಮತ್ತೆ ಶುರುವಾಯಿತು’ ಎಂದು ಕೇಳಿಸುತ್ತಿತ್ತು. ಇಬ್ಬರ ನಡುವಿನ ಅಂತರ ಮನೋಬಲದ್ದಲ್ಲ, ಅವರ ಮಾತಿಗೆ ಸಿಗುವ ನಂಬಿಕೆಯದು. ತನ್ನ ಸಿಟ್ಟು ಬರೀ ಸಿಟ್ಟಾಗಿ, ನಿದ್ದೆ ಬರೀ ನಿದ್ದೆಯಾಗಿ ಉಳಿಯುವ ಮನೆಯಲ್ಲಿ ಮಾತ್ರ ಒಬ್ಬಳು ತನ್ನನ್ನು ನೋಡಿಕೊಳ್ಳಬಲ್ಲಳು.

ಪುಟ್ಟಣ್ಣ ಕಣಗಾಲರ ಸಿನಿಮಾದಿಂದಾಗಿ ನಮ್ಮಲ್ಲಿ ಅನೇಕರಿಗೆ ‘ಶರಪಂಜರ’ ಎಂದರೆ ಕಲ್ಪನಾ ಅವರ ಉದ್ವಿಗ್ನ ಅಭಿನಯ. ಕಾದಂಬರಿಯನ್ನು ಓದುವಾಗ ನನಗೆ ಹೆಚ್ಚು ಚುಚ್ಚಿದ್ದು ಸಣ್ಣ ಸಣ್ಣ ಅನುಮಾನಗಳು. ಅವುಗಳಲ್ಲಿ ಓದುಗಳಾದ ನನಗೂ ಪಾಲಿತ್ತು. ಕಾವೇರಿಯ ದನಿ ಏರಿದಾಗಲೆಲ್ಲ, ಅವಳಿಗೆ ಸಿಟ್ಟು ಬರಲು ಕಾರಣವೇನು ಎಂದು ಕೇಳಿಕೊಳ್ಳುವ ಮೊದಲೇ ರೋಗದ ಗುರುತು ಹುಡುಕುತ್ತಿದ್ದೆ. ಪ್ರೀತಿಯಿಂದಲೇ ಹುಡುಕುತ್ತಿದ್ದೆ. ರೂಮ್‌ಮೇಟಿಗೆ ಕೇಳಿದ್ದೂ ಪ್ರೀತಿಯಿಂದಲೇ.

ಈಗ ಭಾನುವಾರ ಅವಳು ತಡವಾಗಿ ಎದ್ದರೆ ಮೆಸ್ಸಿನಿಂದ ಎರಡು ಇಡ್ಲಿ ತಂದಿಡುತ್ತೇನೆ. ಮಾತ್ರೆಯ ವಿಷಯ ಎತ್ತುವುದಿಲ್ಲ, ಬೇಕೆನಿಸಿದಾಗ ಅವಳೇ ಹೇಳುತ್ತಾಳೆ. ಮೊನ್ನೆ ಸಾರು ಮತ್ತೆ ಹಳಸಿತ್ತು. ಇಬ್ಬರೂ ಒಟ್ಟಿಗೇ ಹೋಗಿ ದೂರು ಹೇಳಿ ಬಂದೆವು.