ಫ್ರೆಡಿ ವಾಷಿಂಗ್‌ಟನ್: ಪಾತ್ರವೂ ಪಾತ್ರಧಾರಿಣಿಯೂ

ಅಮೆರಿಕದ ಚಲಚ್ಚಿತ್ರಗಳ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಫ್ರೆಡಿ ವಾಷಿಂಗ್‌ಟನ್ ಅವರನ್ನು ಒಂದೇ ಪಾತ್ರದ ಮೂಲಕ ನೆನೆಯುತ್ತಾರೆ. 1934ರಲ್ಲಿ ಯೂನಿವರ್ಸಲ್ ಸಂಸ್ಥೆಯು ತೆರೆಗೆ ತಂದ ‘ಇಮಿಟೇಷನ್ ಆಫ್ ಲೈಫ್’ ಚಿತ್ರದಲ್ಲಿ, ಕಪ್ಪು ತಾಯಿಯನ್ನು ತೊರೆದು ಬಿಳಿಯಳಾಗಿ ಬಾಳಬಯಸುವ ಪಿಯೋಲಾ ಎಂಬ ಮಗಳ ಪಾತ್ರವದು. ಪಾತ್ರದ ದುಃಖವನ್ನೇ ಪಾತ್ರಧಾರಿಣಿಯ ದುಃಖವೆಂದು ಬಗೆದು, ಆಕೆಯನ್ನು ಎರಡು ಜನಾಂಗಗಳ ನಡುವೆ ಸಿಕ್ಕಿ ನಲುಗಿದ ನಟಿಯೆಂದು ಚಿತ್ರಿಸುವ ವಾಡಿಕೆ ಬೆಳೆದುಬಂದಿದೆ. ಈ ವಾಡಿಕೆಗೆ ಆಧಾರ ಸಾಲದೆಂಬುದು ನಮ್ಮ ಅಭಿಪ್ರಾಯ.

ಆಕೆ 1903ರಲ್ಲಿ ಜಾರ್ಜಿಯಾ ಪ್ರಾಂತದ ಸವಾನಾ ನಗರದಲ್ಲಿ ಜನಿಸಿದರು. ನ್ಯೂಯಾರ್ಕಿಗೆ ಬಂದು ‘ಷಫಲ್ ಅಲಾಂಗ್’ ಎಂಬ ಸಂಗೀತರೂಪಕದ ನರ್ತಕೀವೃಂದವನ್ನು ಸೇರಿ, 1926ರ ‘ಬ್ಲ್ಯಾಕ್ ಬಾಯ್’ ನಾಟಕದಲ್ಲಿ ಪಾಲ್ ರೋಬ್ಸನ್ ಅವರಿಗೆ ಜೊತೆಯಾಗಿ ನಟಿಸಿದರು. 1933ರಲ್ಲಿ ಅದೇ ರೋಬ್ಸನ್ ಅವರೊಡನೆ ‘ದಿ ಎಂಪರರ್ ಜೋನ್ಸ್’ ಚಿತ್ರದಲ್ಲಿ ಅಭಿನಯಿಸುವಾಗ ಒಂದು ವಿಚಿತ್ರ ಪ್ರಸಂಗ ಒದಗಿತು. ಆಕೆಯ ಮೈಬಣ್ಣ ತೀರ ತಿಳಿಯಾದುದು; ಕಣ್ಣುಗಳು ಹಸಿರು. ಕಪ್ಪು ನಾಯಕನು ಬಿಳಿಯ ಹೆಣ್ಣನ್ನು ಅಪ್ಪಿಕೊಂಡನೆಂದು ಪ್ರೇಕ್ಷಕರು ತಿಳಿದಾರೆಂಬ ಭಯದಿಂದ, ಆಕೆಯ ಚರ್ಮಕ್ಕೆ ಕಪ್ಪು ಬಣ್ಣವನ್ನು ಬಳಿಯಲಾಯಿತು. ನಟನೆಗೆ ಇಳಿಯುವುದನ್ನು ನಾವು ಕನ್ನಡದಲ್ಲಿ ಬಣ್ಣ ಹಚ್ಚುವುದೆನ್ನುತ್ತೇವೆ. ಆ ಮಾತು ಇಷ್ಟು ಕ್ರೂರವಾಗಿ ಅನ್ವಯಿಸಿದ ಬೇರೊಂದು ನಿದರ್ಶನ ನಮಗೆ ತಿಳಿಯದು. ಇತಿಹಾಸದ ವಿದ್ಯಾರ್ಥಿಗೆ ಆ ಲೇಪನವೂ ಒಂದು ದಾಖಲೆಯೇ. ವರ್ಣವೆಂಬುದು ಕಣ್ಣಿಗೆ ಕಾಣುವ ಗುಣವಲ್ಲ, ಹೊರಗಿನಿಂದ ವಿಧಿಸಲ್ಪಟ್ಟ ಸ್ಥಾನ ಎಂಬುದನ್ನು ಅದು ಸಾರುತ್ತದೆ.

ಮರುವರ್ಷ ಬಂದ ಪಿಯೋಲಾಳ ಪಾತ್ರಕ್ಕೆ ಅದೇ ತಿಳಿಬಣ್ಣ ಅರ್ಹತೆಯಾಯಿತು. ಜಾನ್ ಸ್ಟಾಲ್ ನಿರ್ದೇಶಿಸಿದ ಈ ಚಿತ್ರದ ಆಧಾರ ಫ್ಯಾನಿ ಹರ್ಸ್ಟ್ ಅವರ 1933ರ ಕಾದಂಬರಿ. ದಿಲೈಲಾ ಎಂಬ ಕಪ್ಪು ಸೇವಕಿಯ ದೋಸೆಯಂಥ ತಿಂಡಿಯೊಂದರ ಪಾಕವಿಧಾನದಿಂದ ಬಿಳಿಯ ಯಜಮಾನಿ ಶ್ರೀಮಂತಳಾಗುತ್ತಾಳೆ. ಶೇಕಡ 20ರ ಪಾಲನ್ನು ಕೊಡಲು ಬಂದರೂ ದಿಲೈಲಾ ಸೇವಕಿಯಾಗಿಯೇ ಇರಬಯಸುತ್ತಾಳೆ. ಒಂದು ರಾತ್ರಿ ಯಜಮಾನಿ ಮಹಡಿಗೆ ಮೆಟ್ಟಿಲು ಹತ್ತುತ್ತಾಳೆ, ದಿಲೈಲಾ ನೆಲಮನೆಗೆ ಇಳಿಯುತ್ತಾಳೆ. ಈ ಒಂದು ದೃಶ್ಯದಲ್ಲಿ ನಿರ್ದೇಶಕರು ತಮ್ಮ ಕಥೆಗಿಂತ ಹೆಚ್ಚು ಸತ್ಯವನ್ನು ಹೇಳಿದ್ದಾರೆ. ಕವಿ ಸ್ಟರ್ಲಿಂಗ್ ಬ್ರೌನ್ ಅವರು 1935ರಲ್ಲಿ ಚಿತ್ರವನ್ನು ಕಟುವಾಗಿ ಖಂಡಿಸಿದರು. ಆ ಖಂಡನೆ ಬಹುಮಟ್ಟಿಗೆ ನ್ಯಾಯವಾದುದೇ. ಆದರೆ ನಟಿಯ ಸಾಧನೆಯನ್ನು ಕಥೆಯ ದೋಷದೊಡನೆ ತಳ್ಳಿಹಾಕಲಾಗದು. ಕನ್ನಡಿಯ ಮುಂದೆ ನಿಂತು ತಾನು ಬಿಳಿಯಳಲ್ಲವೇ ಎಂದು ಪಿಯೋಲಾ ಕೇಳುವಲ್ಲಿ, ಫ್ರೆಡಿ ವಾಷಿಂಗ್‌ಟನ್ ಅವರು ಅಳುವುದಿಲ್ಲ, ಬೇಡುವುದಿಲ್ಲ. ಲೆಕ್ಕ ಕೇಳುವವರ ಧ್ವನಿಯಲ್ಲಿ ಕೇಳುತ್ತಾರೆ. ಪಿಯೋಲಾ ಬಯಸುವುದು ಬಿಳಿಯ ಚರ್ಮವನ್ನಲ್ಲ, ಅದರೊಡನೆ ದೊರೆಯುವ ಹಕ್ಕುಗಳನ್ನು ಎಂಬುದು ಆ ಧ್ವನಿಯಿಂದಲೇ ನಮಗೆ ಮನದಟ್ಟಾಗುತ್ತದೆ. ಚಿತ್ರಕಥೆಯಲ್ಲಿ ಇದಕ್ಕೆ ಉತ್ತರವಿಲ್ಲ. ತಾಯಿಯ ಶವಯಾತ್ರೆಯಲ್ಲಿ ಮಗಳನ್ನು ಅಳಿಸಿ ಅದು ಕೈತೊಳೆದುಕೊಳ್ಳುತ್ತದೆ.

ಪತ್ರಿಕೆಗಳವರು ಆಕೆಯನ್ನೂ ಪಿಯೋಲಾಳಂತೆಯೇ ಎಂದು ಶಂಕಿಸಿದರು. ತಾನು ಕಪ್ಪು ಜನಾಂಗದವಳೆಂಬುದನ್ನು ಮರೆಮಾಚುವ ಇಚ್ಛೆ ತನಗಿಲ್ಲವೆಂದು ಆಕೆ ಬಹಿರಂಗವಾಗಿ ಸಾರಿದರು. ಇದರ ಫಲ ಊಹಿಸಬಹುದಾದುದೇ. ಸೇವಕಿಯ ಪಾತ್ರಕ್ಕೆ ಆಕೆಯ ಬಣ್ಣ ಹೆಚ್ಚು ತಿಳಿಯಾಯಿತು. ನಾಯಿಕೆಯ ಪಾತ್ರಕ್ಕೆ ಆಕೆಯ ಜನಾಂಗ ಅಡ್ಡಬಂತು. ಬಿಳಿಯರ ಮತ್ತು ಕರಿಯರ ಪ್ರಣಯವನ್ನು ತೆರೆಯ ಮೇಲೆ ನಿಷೇಧಿಸಿದ್ದ ಚಿತ್ರೋದ್ಯಮದ ನಿಯಮಾವಳಿಯು 1934ರಿಂದ ಬಿಗಿಯಾಗಿ ಜಾರಿಯಲ್ಲಿತ್ತು. 1937ರ ‘ಒನ್ ಮೈಲ್ ಫ್ರಮ್ ಹೆವನ್’ ಆಕೆಯ ಕೊನೆಯ ಪೂರ್ಣಪ್ರಮಾಣದ ಚಿತ್ರವಾಯಿತು. 1939ರಲ್ಲಿ ‘ಮಾಂಬಾಸ್ ಡಾಟರ್ಸ್’ ನಾಟಕದಲ್ಲಿ ಎಥೆಲ್ ವಾಟರ್ಸ್ ಅವರ ಮಗಳಾಗಿ ರಂಗವನ್ನೇರಿದರು.

ಇಲ್ಲಿಗೆ ಆಕೆಯ ಚರಿತ್ರೆಯನ್ನು ಮುಗಿಸುವವರು ಅದರ ಉತ್ತಮಾರ್ಧವನ್ನೇ ಬಿಟ್ಟಂತಾಯಿತು. 1937ರಲ್ಲಿ ಕಪ್ಪು ಕಲಾವಿದರ ಹಿತರಕ್ಷಣೆಗಾಗಿ ಹುಟ್ಟಿದ ನೀಗ್ರೋ ಆಕ್ಟರ್ಸ್ ಗಿಲ್ಡ್ ಸಂಘದ ಸ್ಥಾಪಕರಲ್ಲಿ ಆಕೆಯೊಬ್ಬರು. ಅದರ ಕಾರ್ಯದರ್ಶಿಯಾಗಿಯೂ ದುಡಿದರು. ತಂಗಿ ಇಸಬೆಲ್ ಅವರ ಪತಿ ಆಡಮ್ ಕ್ಲೇಟನ್ ಪವೆಲ್ ಅವರು 1942ರಲ್ಲಿ ಹಾರ್ಲೆಮ್‌ನಲ್ಲಿ ಆರಂಭಿಸಿದ ‘ದಿ ಪೀಪಲ್ಸ್ ವಾಯ್ಸ್’ ವಾರಪತ್ರಿಕೆಯ ರಂಗಭೂಮಿ ವಿಭಾಗವನ್ನು ನೋಡಿಕೊಂಡು, ಅಂಕಣಗಳನ್ನು ಬರೆದರು. ತೆರೆಯ ಮೇಲೆ ಉತ್ತರ ದೊರೆಯದೆ ಉಳಿದ ಪಿಯೋಲಾಳ ಪ್ರಶ್ನೆಯನ್ನು ಆಕೆ ಇಲ್ಲಿ ತಮ್ಮದೇ ಹೆಸರಿನಲ್ಲಿ ಮುಂದುವರಿಸಿದರೆಂದು ನಾವು ಭಾವಿಸುತ್ತೇವೆ. ಆಕೆಯನ್ನು ಕುರಿತು ಬರೆಯುವವರು ಚಿತ್ರವನ್ನು ನೋಡುವಷ್ಟೇ ಶ್ರದ್ಧೆಯಿಂದ ಆ ಪತ್ರಿಕೆಯ ಸಂಚಿಕೆಗಳನ್ನೂ ಓದಬೇಕು.

1959ರಲ್ಲಿ ಡಗ್ಲಸ್ ಸರ್ಕ್ ಅವರ ನಿರ್ದೇಶನದಲ್ಲಿ ಅದೇ ಕಥೆ ಮತ್ತೆ ಚಿತ್ರವಾಯಿತು. ಮಗಳ ಪಾತ್ರವು ಕಪ್ಪು ಜನಾಂಗಕ್ಕೆ ಸೇರದ ಸೂಸನ್ ಕೋನರ್ ಅವರಿಗೆ ದೊರೆತು, ಅದಕ್ಕಾಗಿ ಆಸ್ಕರ್ ಪ್ರಶಸ್ತಿಗೆ ಅವರ ಹೆಸರೂ ಸೂಚಿತವಾಯಿತು. ಫ್ರೆಡಿ ವಾಷಿಂಗ್‌ಟನ್ ಅವರು ಆಗ ಚಿತ್ರರಂಗವನ್ನು ಬಿಟ್ಟು 22 ವರ್ಷಗಳಾಗಿದ್ದವು. 1994ರಲ್ಲಿ, 90ನೆಯ ವಯಸ್ಸಿನಲ್ಲಿ, ಕನೆಕ್ಟಿಕಟ್ ಪ್ರಾಂತದ ಸ್ಟ್ಯಾಮ್‌ಫರ್ಡಿನಲ್ಲಿ ತೀರಿಕೊಂಡರು.