ತಿಳಿಸಿದ ಮಾತ್ರಕ್ಕೆ ಹೊಣೆ ತೀರುವುದೆ?

ಮಕ್ಕಳನ್ನು ನಂಬಿ ಒಪ್ಪಿಸಿದ ಸಂಸ್ಥೆಯಲ್ಲಿ ದುಷ್ಕೃತ್ಯ ನಡೆದಾಗ ಅದನ್ನೆಸಗಿದವನು ಶಿಕ್ಷಾರ್ಹನೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಿಷಯವನ್ನು ಅರಿತು, ಮೇಲಿನವರ ಕಿವಿಗೆ ಹಾಕಿ, ಅಲ್ಲಿಗೇ ಸುಮ್ಮನಾದ ಗುರುವಿನ ಹೊಣೆ ಎಷ್ಟು? ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣ ಕುರಿತು ಎಫ್.ಬಿ.ಐ.ನ ಮಾಜಿ ನಿರ್ದೇಶಕ ಲೂಯಿಸ್ ಫ್ರೀ 2012ರ ಜುಲೈಯಲ್ಲಿ ಪ್ರಕಟಿಸಿದ ವರದಿಯನ್ನು ಈ ಪ್ರಶ್ನೆ ಮುಂದಿಟ್ಟುಕೊಂಡು ಓದಬೇಕಾಗಿದೆ.

ಜೋ ಪಟರ್ನೋ ಅಲ್ಲಿ 1966ರಿಂದ 2011ರವರೆಗೆ ಅಮೆರಿಕನ್ ಫುಟ್‌ಬಾಲ್ ತಂಡದ ಮುಖ್ಯ ತರಬೇತುದಾರರಾಗಿದ್ದು, 409 ಗೆಲುವುಗಳ ಕೀರ್ತಿಗೆ ಪಾತ್ರರಾದವರು. ಜೆರ್ರಿ ಸ್ಯಾಂಡಸ್ಕಿ ಅವರ ಕೈಕೆಳಗೆ ಬಹುಕಾಲ ದುಡಿದು 1999ರಲ್ಲಿ ನಿವೃತ್ತನಾಗಿದ್ದ ತರಬೇತುದಾರ. 2001ರ ಫೆಬ್ರವರಿಯಲ್ಲಿ ಈತನು ಆಟಗಾರರ ಸ್ನಾನಗೃಹದಲ್ಲಿ ಬಾಲಕನೊಬ್ಬನೊಡನೆ ಲೈಂಗಿಕ ದುರ್ವರ್ತನೆ ನಡೆಸುತ್ತಿದ್ದುದನ್ನು ತಂಡದ ಯುವ ಸಹಾಯಕನೊಬ್ಬ ಕಂಡು, ಮರುದಿನವೇ ಪಟರ್ನೋ ಅವರಿಗೆ ಅರುಹಿದನು. ಅವರು ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ತಿಳಿಸಿದರು. ಪೊಲೀಸರ ಬಳಿಗೆ ಹೋಗಲಿಲ್ಲ. 2011ರ ನವೆಂಬರಿನಲ್ಲಿ ಸ್ಯಾಂಡಸ್ಕಿ ಬಂಧಿತನಾಗುವುದಕ್ಕೆ ಮುನ್ನ ಇನ್ನೂ ಕೆಲವು ಬಾಲಕರು ಅವನಿಗೆ ಬಲಿಯಾದರು. 2012ರಲ್ಲಿ 45 ಆರೋಪಗಳು ರುಜುವಾತಾಗಿ, 30ರಿಂದ 60 ವರ್ಷಗಳ ಸೆರೆವಾಸ ವಿಧಿಸಲಾಯಿತು.

ವರದಿಯ ಬಲವಿರುವುದು ಅದು ಹೊರತೆಗೆದ ಅಧಿಕಾರಿಗಳ ಪತ್ರವ್ಯವಹಾರದಲ್ಲಿ. ಮಕ್ಕಳ ರಕ್ಷಣೆಯ ಸರಕಾರಿ ಇಲಾಖೆಗೆ ತಿಳಿಸಬೇಕೆಂದು ಮೊದಲು ನಿಶ್ಚಯವಾಗಿತ್ತು. ಪಟರ್ನೋ ಅವರೊಡನೆ ಮಾತನಾಡಿದ ಬಳಿಕ ಕರ್ಲಿ ಮನಸ್ಸು ಬದಲಿಸಿದನು. ಆ ಮಾತುಕತೆಯಲ್ಲಿ ನಡೆದುದೇನೆಂಬುದನ್ನು ಮಾತ್ರ ವರದಿ ಊಹಿಸುತ್ತದೆ. ಪಟರ್ನೋ 2012ರ ಜನವರಿಯಲ್ಲಿಯೇ ತೀರಿಕೊಂಡಿದ್ದರು. ಕರ್ಲಿಯ ಹೇಳಿಕೆಯಾಗಲಿ ಆ ಸಹಾಯಕನ ಹೇಳಿಕೆಯಾಗಲಿ ತನಿಖೆಗೆ ದೊರೆಯಲಿಲ್ಲ. ಈ ಕೊರತೆಯನ್ನು ಪಟರ್ನೋ ಕುಟುಂಬದವರು 2013ರಲ್ಲಿ ಎತ್ತಿ ತೋರಿಸಿದ್ದು ನ್ಯಾಯವೇ ಸರಿ.

ಆದರೆ ಊಹೆಯನ್ನೆಲ್ಲ ತೆಗೆದುಹಾಕಿದರೂ ಒಂದು ಸತ್ಯ ಉಳಿಯುತ್ತದೆ: ಆ ಬಾಲಕ ಯಾರು, ಅವನ ಗತಿಯೇನಾಯಿತು ಎಂದು ಇವರಲ್ಲಿ ಒಬ್ಬರೂ ವಿಚಾರಿಸಲಿಲ್ಲ.

ಮೇಲಧಿಕಾರಿಗೆ ತಿಳಿಸಿದ್ದೇ ಕಾನೂನಿಗೆ ಸಾಕಾಗಿತ್ತೆಂಬುದು ಪಟರ್ನೋ ಪರವಾದ ವಾದ. ಆದರೆ 2004ರಲ್ಲಿ ಅದೇ ಕರ್ಲಿ, ಅಧ್ಯಕ್ಷ ಗ್ರಹಾಂ ಸ್ಪೇನಿಯರ್ ಅವರೊಡನೆ ಮನೆಗೇ ಬಂದು ನಿವೃತ್ತರಾಗಿರೆಂದು ಕೇಳಿಕೊಂಡಾಗ ಪಟರ್ನೋ ಒಪ್ಪಲಿಲ್ಲ. ತನ್ನ ಸ್ಥಾನದ ಪ್ರಶ್ನೆ ಬಂದಾಗ ಮೇಲಿನವರನ್ನೇ ಹಿಂದಕ್ಕೆ ಕಳುಹಿಸಬಲ್ಲವರು ಮಗುವಿನ ಪ್ರಶ್ನೆ ಬಂದಾಗ ಮಾತ್ರ ಅಧೀನ ನೌಕರರಾದುದು ಹೇಗೆ? ಹೊಣೆಯನ್ನು ಅಳೆಯಬೇಕಾದುದು ಹುದ್ದೆಯ ಹೆಸರಿನಿಂದಲ್ಲ, ಕೈಯಲ್ಲಿದ್ದ ಶಕ್ತಿಯಿಂದ. ಇನ್ನಷ್ಟು ಮಾಡಬೇಕಿತ್ತೆಂದು 2011ರಲ್ಲಿ ಅವರೇ ಹೇಳಿಕೊಂಡರು. ನಡುವೆ ಹತ್ತು ವರ್ಷ ಕಳೆದಿತ್ತು.

ಮುಂದೆ ದಂಡನೆಯ ವಿಚಾರದಲ್ಲಿಯೂ ದೃಷ್ಟಿ ತಪ್ಪಿತು. ಕ್ರೀಡಾ ಮಂಡಳಿ 112 ಗೆಲುವುಗಳನ್ನು ದಾಖಲೆಯಿಂದ ತೆಗೆದು, 2015ರಲ್ಲಿ ಮರಳಿ ಸೇರಿಸಿತು. ಊರೆಲ್ಲ ಗೆಲುವಿನ ಲೆಕ್ಕದಲ್ಲಿ ಮುಳುಗಿತು. 2017ರಲ್ಲಿ ಕರ್ಲಿ, ಸ್ಪೇನಿಯರ್ ಮತ್ತು ಇನ್ನೊಬ್ಬ ಅಧಿಕಾರಿಗೆ ಮಕ್ಕಳ ಕ್ಷೇಮವನ್ನು ಅಪಾಯಕ್ಕೊಡ್ಡಿದ ಅಪರಾಧಕ್ಕಾಗಿ ಜೈಲು ಶಿಕ್ಷೆಯಾಯಿತು. ಮೇಲಿನವರಿಗೆ ಹೇಳಿದರೆ ಸಾಲದು, ನೇರವಾಗಿ ಸರಕಾರಕ್ಕೇ ವರದಿ ಮಾಡಬೇಕೆಂದು ಪೆನ್ಸಿಲ್ವೇನಿಯ 2014ರಲ್ಲಿ ಕಾನೂನನ್ನು ತಿದ್ದಿತು. ಈ ತಿದ್ದುಪಡಿಯೇ ವರದಿಯ ತಿರುಳಿಗೆ ಸಲ್ಲುವ ತಕ್ಕ ಟಿಪ್ಪಣಿ: ದೂರನ್ನು ಕೈಯಿಂದ ಕೈಗೆ ದಾಟಿಸಬಹುದು, ಮಗುವಿನ ಹೊಣೆಯನ್ನು ದಾಟಿಸಲಾಗದು.